ರಕ್ತದ ಗುಟ್ಟು ಬಿಡಿಸಿದ ಕಾರ್ಲ್ ಲ್ಯಾಂಡ್‌ಸ್ಟೈನರ್

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಬೊಮ್ಮನಹಳ್ಳಿ, ಕೂಡ್ಲು ಗೇಟ್ ದಾಟಿ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಹೋಗುವಾಗ ಸಿಂಗಸಂದ್ರ ಸಿಗುತ್ತದೆ. ಒಂದು ಕಾಲದಲ್ಲಿ ಹಳ್ಳಿಯಾಗಿದ್ದ ಈ ಊರು ಇಂದು ಬಾಡಿಗೆ ಮನೆಗಳ, ಫ್ಲ್ಯಾಟುಗಳ ಊರು. 2025ರ ಆಗಸ್ಟ್‌ನಿಂದ ಇಲ್ಲಿ ಮೆಟ್ರೋ ರೈಲೂ ನಿಲ್ಲುತ್ತದೆ. ನಮ್ಮ ಕರಾವಳಿಯಿಂದ ಉದ್ಯೋಗಕ್ಕಾಗಿ ಹೋದ ಯುವ ದಂಪತಿಗಳು ಬೆಂಗಳೂರಿನ ಇಂತಹ ಬಡಾವಣೆಗಳಲ್ಲೇ ಹೊಸ ಸಂಸಾರ ಹೂಡುತ್ತಾರೆ. ಹೇಳಿಕೊಡಲು ಮನೆಯಲ್ಲಿ ಹಿರಿಯರಿಲ್ಲ. ಗರ್ಭಿಣಿಯಾದ ಹೆಣ್ಣುಮಗಳು ಮೊದಲ ಸಲ ರಕ್ತಪರೀಕ್ಷೆ ಮಾಡಿಸಿ ಬಂದಾಗ ಲ್ಯಾಬಿನ ಚೀಟಿಯಲ್ಲಿ ಆರ್‌ಎಚ್ ನೆಗೆಟಿವ್ ಎಂದು ಬರೆದಿದ್ದರೆ ಮನಸ್ಸಿನಲ್ಲಿ ಅಳುಕು ಶುರುವಾಗುತ್ತದೆ. ಊರಿಗೆ ಫೋನ್ ಹೋಗುತ್ತದೆ. ಹಿಂದೆ ಒಂದು ಗರ್ಭ ಇಳಿದು ಹೋಗಿದ್ದರಂತೂ ಮುಗಿಯಿತು, ಎಲ್ಲ ತಪ್ಪೂ ಆ ಹುಡುಗಿಯ ರಕ್ತದ್ದೇ ಎಂದು ಎರಡೂ ಮನೆಯವರು ತೀರ್ಮಾನಿಸಿಬಿಡುತ್ತಾರೆ.

ನೆಗೆಟಿವ್ ಎಂಬುದು ರೋಗವಲ್ಲ, ದೋಷವಲ್ಲ, ಯಾರ ತಪ್ಪೂ ಅಲ್ಲ. ಆ ಚೀಟಿಯಲ್ಲಿರುವ ಎ, ಬಿ, ಓ ಎಂಬ ಅಕ್ಷರಗಳ ಹಿಂದೆಯೂ ಆರ್‌ಎಚ್ ಎಂಬ ಗುರುತಿನ ಹಿಂದೆಯೂ ಒಬ್ಬರೇ ವ್ಯಕ್ತಿಯ ಜೀವಮಾನದ ದುಡಿಮೆ ಇದೆ. ಅವರೇ ಆಸ್ಟ್ರಿಯಾ ದೇಶದ ವೈದ್ಯ ವಿಜ್ಞಾನಿ ಕಾರ್ಲ್ ಲ್ಯಾಂಡ್‌ಸ್ಟೈನರ್. ಅವರ ಜನ್ಮದಿನವಾದ ಜೂನ್ 14ನ್ನು 2004ರಿಂದ ವಿಶ್ವ ರಕ್ತದಾನಿಗಳ ದಿನವಾಗಿ ಆಚರಿಸಲಾಗುತ್ತಿದೆ. ನಮ್ಮ ಚರ್ಚುಗಳ ಸಭಾಂಗಣಗಳಲ್ಲಿ ರಕ್ತದಾನ ಶಿಬಿರ ನಡೆಸುವ ಯುವಜನರೂ ಅವರ ಬದುಕನ್ನು ತಿಳಿದುಕೊಳ್ಳುವುದು ಒಳ್ಳೆಯದು.

ತಾಯಿಯ ಮಡಿಲಲ್ಲಿ

ಕಾರ್ಲ್ ಹುಟ್ಟಿದ್ದು 1868ರ ಜೂನ್ 14ರಂದು, ವಿಯೆನ್ನಾ ನಗರದ ಸಮೀಪದ ಬಾಡೆನ್ ಎಂಬಲ್ಲಿ. ತಂದೆ ಲಿಯೋಪೋಲ್ಡ್ ಆ ಕಾಲದ ಹೆಸರಾಂತ ಪತ್ರಕರ್ತರು. ಕಾರ್ಲ್‌ಗೆ ಆರು ವರ್ಷವಾಗಿದ್ದಾಗ ಅವರು ತೀರಿಕೊಂಡರು. ಆ ಬಳಿಕ ಬಾಲಕನನ್ನು ಸಾಕಿ ಸಲಹಿದ್ದು ತಾಯಿ ಫ್ಯಾನಿ. ತಾಯಿ ಮಗನ ಬಾಂಧವ್ಯ ಎಷ್ಟು ಗಾಢವಾಗಿತ್ತೆಂದರೆ, ತಾಯಿ ನಿಧನರಾದ ಮೇಲೆ ಅವರ ಮುಖದ ಅಚ್ಚನ್ನು ತೆಗೆಸಿ ಕಾರ್ಲ್ ತಮ್ಮ ಕೋಣೆಯ ಗೋಡೆಯಲ್ಲಿ ಕೊನೆಯವರೆಗೂ ಇಟ್ಟುಕೊಂಡಿದ್ದರು. ಹುಟ್ಟಿನಿಂದ ಯಹೂದಿ ಮನೆತನದವರಾದ ಅವರು 1890ರಲ್ಲಿ ಕಥೋಲಿಕ ಧರ್ಮವನ್ನು ಸ್ವೀಕರಿಸಿದರು.

1880ರಲ್ಲಿ, ಕಾರ್ಲ್ ಹನ್ನೆರಡು ವರ್ಷದ ಬಾಲಕನಾಗಿದ್ದಾಗ, ಇತ್ತ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಯೇಸುಸಭೆಯ ಗುರು ಫಾದರ್ ಅಗಸ್ಟಸ್ ಮುಲ್ಲರ್ ಆಲದ ಮರದಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಆರಂಭಿಸಿದರು. ಆಗ ಪ್ರಪಂಚದ ಯಾವ ಆಸ್ಪತ್ರೆಯಲ್ಲೂ ರಕ್ತದ ಗುಂಪು ಎಂಬ ಮಾತೇ ಇರಲಿಲ್ಲ. ಹೆರಿಗೆಯಲ್ಲಿ ರಕ್ತ ಹರಿದರೆ ದೇವರೇ ದಿಕ್ಕು. ಲಂಡನ್ನಿನ ಹೆರಿಗೆ ವೈದ್ಯ ಜೇಮ್ಸ್ ಬ್ಲಂಡೆಲ್ 19ನೇ ಶತಮಾನದ ಮೊದಲ ಭಾಗದಲ್ಲಿ ಇಂತಹ ತಾಯಂದಿರಿಗೆ ಬೇರೆಯವರ ರಕ್ತ ಕೊಟ್ಟು ನೋಡಿದ್ದರು. ಕೆಲವರು ಉಳಿದರು, ಕೆಲವರು ಸತ್ತರು. ಯಾಕೆ ಹೀಗೆ ಎಂಬುದು ಯಾರಿಗೂ ತಿಳಿಯಲಿಲ್ಲ.

ಆರು ಜನರ ರಕ್ತ

1891ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದ ಲ್ಯಾಂಡ್‌ಸ್ಟೈನರ್ ತಕ್ಷಣ ದವಾಖಾನೆ ತೆರೆಯಲಿಲ್ಲ. ದೇಹದೊಳಗಿನ ವ್ಯವಹಾರವನ್ನು ಅರಿಯಲು ರಸಾಯನಶಾಸ್ತ್ರ ಬೇಕೆಂದು ಕಂಡುಕೊಂಡು ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಿಗೆ ಹೋಗಿ ಎಮಿಲ್ ಫಿಷರ್‌ರಂತಹ ಹಿರಿಯರ ಬಳಿ ವರ್ಷಗಟ್ಟಲೆ ಕಲಿತರು. ವಿಯೆನ್ನಾಕ್ಕೆ ಮರಳಿದ ಮೇಲೆ ರೋಗಶಾಸ್ತ್ರ ವಿಭಾಗದಲ್ಲಿ ಸಹಾಯಕರಾದರು. ಅಲ್ಲಿದ್ದ ಸುಮಾರು ಹತ್ತು ವರ್ಷಗಳಲ್ಲಿ 3,600ಕ್ಕೂ ಮಿಕ್ಕಿ ಶವಪರೀಕ್ಷೆ ಮಾಡಿದರು. ಹಗಲು ಸತ್ತವರ ಮುಂದೆ, ಉಳಿದ ಹೊತ್ತು ಪ್ರಯೋಗಾಲಯದ ಗಾಜಿನ ನಳಿಕೆಗಳ ಮುಂದೆ ಎಂಬಂತೆ ಅವರ ದಿನಚರಿ ಸಾಗಿತು.

ಅವರ ಅತಿ ದೊಡ್ಡ ಪ್ರಯೋಗ ನೋಡಲು ಅತಿ ಸರಳವಾಗಿತ್ತು. ತಮ್ಮದೂ ಸೇರಿದಂತೆ ಪ್ರಯೋಗಾಲಯದ ಆರು ಜನರ ರಕ್ತ ತೆಗೆದರು. ಪ್ರತಿಯೊಬ್ಬರ ರಕ್ತದಿಂದ ಕೆಂಪು ಕಣಗಳನ್ನೂ ತಿಳಿಯಾದ ನೀರಿನಂತಹ ಭಾಗವನ್ನೂ ಬೇರ್ಪಡಿಸಿದರು. ಬಳಿಕ ಒಬ್ಬರ ಕಣಗಳಿಗೆ ಇನ್ನೊಬ್ಬರ ತಿಳಿಯನ್ನು ಬೆರೆಸುತ್ತಾ ಹೋದರು. ಕೆಲವು ಸಲ ಏನೂ ಆಗಲಿಲ್ಲ. ಕೆಲವು ಸಲ ಕಣಗಳು ಒಡೆದ ಹಾಲಿನಂತೆ ಗಂಟು ಗಂಟಾದವು. ಹೀಗಾಗುವುದು ರೋಗಿಗಳ ರಕ್ತದಲ್ಲಿ ಮಾತ್ರ ಎಂದು ಹಲವರು ನಂಬಿದ್ದರು. ಆದರೆ ಈ ಆರೂ ಜನ ಆರೋಗ್ಯವಂತರು. ಹಾಗಾದರೆ ಇದು ಕಾಯಿಲೆಯಲ್ಲ, ಮನುಷ್ಯ ಮನುಷ್ಯರ ನಡುವೆ ಹುಟ್ಟಿನಿಂದಲೇ ಇರುವ ವ್ಯತ್ಯಾಸ ಎಂದು ಲ್ಯಾಂಡ್‌ಸ್ಟೈನರ್ 1901ರಲ್ಲಿ ಪ್ರಕಟಿಸಿದರು. ಅವರು ಗುರುತಿಸಿದ ಮೂರು ಗುಂಪುಗಳೇ ಇಂದಿನ ಎ, ಬಿ ಮತ್ತು ಓ. ಎಬಿ ಎಂಬ ನಾಲ್ಕನೆಯದನ್ನು ಮರುವರ್ಷ ಅವರ ಸಹೋದ್ಯೋಗಿಗಳು ಕಂಡುಹಿಡಿದರು.

ಈ ಸಂಶೋಧನೆಗೆ ಆಗ ದೊಡ್ಡ ಸ್ವಾಗತ ಸಿಗಲಿಲ್ಲ. 1907ರಲ್ಲಿ ನ್ಯೂಯಾರ್ಕಿನ ರೂಬೆನ್ ಒಟ್ಟೆನ್‌ಬರ್ಗ್ ಎಂಬ ವೈದ್ಯರು ರಕ್ತವನ್ನು ಮೊದಲೇ ಹೊಂದಿಸಿ ನೋಡಿ ಕೊಡಲು ಶುರು ಮಾಡಿದರು. ಮೊದಲ ಮಹಾಯುದ್ಧ ಬಂದ ಮೇಲೆ ಅದರ ಬೆಲೆ ಎಲ್ಲರಿಗೂ ತಿಳಿಯಿತು. ಅಷ್ಟರಲ್ಲಿ ಲ್ಯಾಂಡ್‌ಸ್ಟೈನರ್ ಬೇರೆ ಕೆಲಸಕ್ಕೆ ಕೈ ಹಾಕಿದ್ದರು. ಪೋಲಿಯೋ ಕಾಯಿಲೆ ಬ್ಯಾಕ್ಟೀರಿಯಾದಿಂದಲ್ಲ, ಅದಕ್ಕಿಂತ ಸೂಕ್ಷ್ಮವಾದ ವೈರಸ್‌ನಿಂದ ಬರುತ್ತದೆ ಎಂದು 1909ರ ಹೊತ್ತಿಗೆ ತೋರಿಸಿಕೊಟ್ಟವರಲ್ಲಿ ಅವರೂ ಒಬ್ಬರು.

ಊರು ಬಿಟ್ಟು ಊರಿಗೆ

1916ರಲ್ಲಿ ಹೆಲೆನ್ ಎಂಬವರನ್ನು ಅವರು ಮದುವೆಯಾದರು. ಆಗ ಅವರಿಗೆ 48ರ ವಯಸ್ಸು. ಮರುವರ್ಷ ಮಗ ಹುಟ್ಟಿದ. ಯುದ್ಧ ಮುಗಿದಾಗ ವಿಯೆನ್ನಾದಲ್ಲಿ ಅನ್ನಕ್ಕೂ ಕಟ್ಟಿಗೆಗೂ ತತ್ವಾರ. ಸಂಶೋಧನೆಯ ಮಾತಂತೂ ದೂರ. 1919ರಲ್ಲಿ ಸಂಸಾರ ಸಮೇತ ಹಾಲೆಂಡ್ ದೇಶದ ಹೇಗ್ ನಗರಕ್ಕೆ ಹೋಗಿ ಅಲ್ಲಿನ ಒಂದು ಕಥೋಲಿಕ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ರಕ್ತದ ಗುಂಪುಗಳನ್ನು ಕಂಡುಹಿಡಿದ ವಿಜ್ಞಾನಿ ಅಲ್ಲಿ ರೋಗಿಗಳ ರಕ್ತ, ಮೂತ್ರ ಪರೀಕ್ಷೆ ಮಾಡಿಕೊಂಡಿದ್ದರು. ಬಿಡುವು ಮಾಡಿಕೊಂಡು ಅಲ್ಲೂ ಸಂಶೋಧನೆ ಮುಂದುವರಿಸಿದರು.

ಬಳಿಕ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಿಂದ ಕರೆ ಬಂತು. ಅಮೆರಿಕ ಅವರ ಕೊನೆಯ ನೆಲೆಯಾಯಿತು. 1930ರಲ್ಲಿ ನೊಬೆಲ್ ಬಹುಮಾನ ಬಂತು. ರಕ್ತದ ಗುಂಪು ಕಂಡುಹಿಡಿದು ಆಗಲೇ 29 ವರ್ಷಗಳಾಗಿದ್ದವು. ಅವರು ಮಿತಭಾಷಿ, ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದವರು, ಪ್ರಚಾರ ಎಂದರೆ ಮಾರು ದೂರ. ತಮ್ಮ ಮನೆತನದ ಮೂಲದ ವಿಷಯದಲ್ಲಿ ಅವರಿಗೆ ಒಂದು ಬಗೆಯ ಅಂಜಿಕೆಯೂ ಇತ್ತು. ಅಮೆರಿಕದ ಗಣ್ಯ ಯಹೂದಿಗಳ ಪರಿಚಯ ಗ್ರಂಥದಲ್ಲಿ ತಮ್ಮ ಹೆಸರು ಸೇರಿಸಬಾರದೆಂದು 1937ರಲ್ಲಿ ನ್ಯಾಯಾಲಯಕ್ಕೆ ಹೋದರು, ಆದರೆ ಗೆಲ್ಲಲಿಲ್ಲ. ಯುರೋಪಿನಲ್ಲಿ ಹಿಟ್ಲರನ ಕಾಲ ಅದು. ಒಬ್ಬರ ರಕ್ತಕ್ಕೂ ಇನ್ನೊಬ್ಬರ ರಕ್ತಕ್ಕೂ ಜಾತಿಯ ಬೇಲಿಯಿಲ್ಲ ಎಂಬುದಕ್ಕೆ ದಾರಿ ತೋರಿದ ವಿಜ್ಞಾನಿಯೇ ಹುಟ್ಟಿನ ಕಾರಣಕ್ಕೆ ಅಂಜಬೇಕಾಗಿ ಬಂದದ್ದು ಆ ಕಾಲದ ದುರಂತ.

ಮಗು ಉಳಿಯದ ಗುಟ್ಟು

ಎ, ಬಿ, ಓ ಹೊಂದಿಸಿ ಕೊಟ್ಟರೂ ಕೆಲವೊಮ್ಮೆ ರಕ್ತ ಪಡೆದವರಿಗೆ ತೊಂದರೆಯಾಗುತ್ತಿತ್ತು. 1939ರಲ್ಲಿ ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ನ್ಯೂಯಾರ್ಕಿನ ಒಬ್ಬ ತಾಯಿಯ ಪ್ರಕರಣವನ್ನು ವರದಿ ಮಾಡಿದರು. ಆಕೆಯ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ರಕ್ತ ಕಡಿಮೆಯಾದ ಕಾರಣ ಗಂಡನ ರಕ್ತ ಕೊಟ್ಟಾಗ, ಗುಂಪು ಒಂದೇ ಆಗಿದ್ದರೂ ಆಕೆಯ ದೇಹ ಅದನ್ನು ಒಪ್ಪಲಿಲ್ಲ. ಮಗುವಿನಲ್ಲಿ ತಂದೆಯಿಂದ ಬಂದ ಏನೋ ಒಂದು ಅಂಶದ ವಿರುದ್ಧ ತಾಯಿಯ ರಕ್ತ ಮೊದಲೇ ಸಜ್ಜಾಗಿತ್ತು ಎಂದು ಅವರು ಊಹಿಸಿದರು, ಆದರೆ ಅದಕ್ಕೆ ಹೆಸರಿಡಲಿಲ್ಲ. ಲೆವಿನ್ ಹಿಂದೆ ಲ್ಯಾಂಡ್‌ಸ್ಟೈನರ್ ಅವರ ಸಹಾಯಕರಾಗಿದ್ದವರು.

ಮರುವರ್ಷ, 1940ರಲ್ಲಿ, ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ಇನ್ನೊಂದು ದಾರಿಯಿಂದ ಅದೇ ಜಾಗಕ್ಕೆ ಬಂದರು. ಉತ್ತರ ಭಾರತದಲ್ಲಿ ಕಾಣಸಿಗುವ ರೀಸಸ್ ಕೋತಿಯ ರಕ್ತಕಣಗಳನ್ನು ಮೊಲಗಳಿಗೆ ಚುಚ್ಚಿ, ಅವುಗಳಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಮನುಷ್ಯರ ರಕ್ತದೊಂದಿಗೆ ಬೆರೆಸಿದಾಗ ಪರೀಕ್ಷಿಸಿದ ಬಿಳಿಯರಲ್ಲಿ ಶೇಕಡಾ 85ರಷ್ಟು ಮಂದಿಯ ರಕ್ತ ಗಂಟುಕಟ್ಟಿತು. ಕೋತಿಯ ಹೆಸರಿನಿಂದ ಆರ್‌ಎಚ್ ಎಂಬ ಗುರುತು ಬಂತು. ಗಂಟುಕಟ್ಟಿದವರು ಪಾಸಿಟಿವ್, ಉಳಿದವರು ನೆಗೆಟಿವ್. ಕೋತಿಯ ಅಂಶವೂ ಮನುಷ್ಯರ ಅಂಶವೂ ಒಂದೇ ಅಲ್ಲವೆಂದು ಮುಂದೆ ತಿಳಿದುಬಂತಾದರೂ ಹೆಸರು ಹಾಗೇ ಉಳಿಯಿತು. ಲ್ಯಾಂಡ್‌ಸ್ಟೈನರ್‌ಗೆ ಆಗ 72 ವರ್ಷ. ನಿವೃತ್ತಿಯಾಗಿದ್ದರೂ ಪ್ರಯೋಗಾಲಯಕ್ಕೆ ಹೋಗುವುದನ್ನು ನಿಲ್ಲಿಸಿರಲಿಲ್ಲ. 1941ರಲ್ಲಿ ಲೆವಿನ್ ಎರಡೂ ಎಳೆಗಳನ್ನು ಜೋಡಿಸಿ, ಒಂದಾದ ಮೇಲೊಂದು ಮಗುವನ್ನು ಕಳೆದುಕೊಳ್ಳುತ್ತಿದ್ದ ಅನೇಕ ತಾಯಂದಿರ ದುಃಖಕ್ಕೆ ಕಾರಣ ಇದೇ ಎಂದು ತೋರಿಸಿದರು.

1943ರ ಜೂನ್ 24ರಂದು ಕೈಯಲ್ಲಿ ಪಿಪೆಟ್ ಹಿಡಿದು ಕೆಲಸ ಮಾಡುತ್ತಿದ್ದಾಗಲೇ ಲ್ಯಾಂಡ್‌ಸ್ಟೈನರ್‌ಗೆ ಹೃದಯಾಘಾತವಾಯಿತು. ಎರಡು ದಿನಗಳ ಬಳಿಕ ಅದೇ ಸಂಸ್ಥೆಯ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ತಾವು ಹೆಸರಿಟ್ಟ ತೊಂದರೆಗೆ ಮದ್ದು ಸಿಕ್ಕಿದ್ದನ್ನು ಅವರು ನೋಡಲಿಲ್ಲ.

ಅವರ ನಂತರ

ಆ ಮದ್ದು ಬಂದದ್ದು 1968ರಲ್ಲಿ. ನ್ಯೂಯಾರ್ಕ್ ಮತ್ತು ಇಂಗ್ಲೆಂಡಿನ ಲಿವರ್‌ಪೂಲ್‌ನ ವೈದ್ಯರು ಬೇರೆ ಬೇರೆಯಾಗಿ ದುಡಿದು ರೂಪಿಸಿದ ಈ ಚುಚ್ಚುಮದ್ದಿಗೆ ಆಂಟಿ-ಡಿ ಎಂದು ಹೆಸರು. ಇದು ಕಾರ್ಖಾನೆಯ ರಾಸಾಯನಿಕವಾಗಿರಲಿಲ್ಲ, ದಾನಿಗಳ ರಕ್ತದಿಂದಲೇ ತಯಾರಾಗುತ್ತಿತ್ತು. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಇದಕ್ಕಾಗಿ 2018ರವರೆಗೆ ಸಾವಿರಕ್ಕೂ ಹೆಚ್ಚು ಸಲ ದಾನ ಮಾಡಿ, 2025ರಲ್ಲಿ ತೀರಿಕೊಂಡರು.

ವಿಷಯ ಸರಳವಾಗಿದೆ. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದರೆ ಮಗು ಪಾಸಿಟಿವ್ ಆಗಬಹುದು. ಸಾಮಾನ್ಯವಾಗಿ ಚೊಚ್ಚಲ ಮಗುವಿಗೆ ತೊಂದರೆಯಿಲ್ಲ. ಹೆರಿಗೆಯ ಹೊತ್ತಿನಲ್ಲಿ, ಗರ್ಭ ಇಳಿದಾಗ ಅಥವಾ ಹೊಟ್ಟೆಗೆ ಪೆಟ್ಟಾದಾಗ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿದರೆ ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಿಟ್ಟುಕೊಳ್ಳುತ್ತದೆ. ಮುಂದಿನ ಗರ್ಭದಲ್ಲಿ ಆ ಪ್ರತಿಕಾಯ ಮಗುವಿನ ರಕ್ತಕಣಗಳನ್ನು ಒಡೆಯುತ್ತದೆ. ರಕ್ತಹೀನತೆ, ಮೈಯೆಲ್ಲ ನೀರು ತುಂಬುವುದು, ಹುಟ್ಟಿದ ಮೇಲೆ ತೀವ್ರ ಕಾಮಾಲೆ, ಕೆಲವೊಮ್ಮೆ ಸಾವು. ಗರ್ಭದ 28ನೇ ವಾರದ ಸುಮಾರಿಗೆ ಒಂದು, ಮಗು ಪಾಸಿಟಿವ್ ಎಂದು ತಿಳಿದರೆ ಹೆರಿಗೆಯಾದ 72 ಗಂಟೆಗಳೊಳಗೆ ಇನ್ನೊಂದು ಆಂಟಿ-ಡಿ ಚುಚ್ಚುಮದ್ದು ಕೊಟ್ಟರೆ ಈ ಪ್ರತಿಕಾಯ ಹುಟ್ಟದಂತೆ ತಡೆಯಬಹುದು. ಗರ್ಭ ಇಳಿದಾಗ ಎಷ್ಟು ವಾರವಾಗಿತ್ತೆಂದು ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಪ್ರತಿಕಾಯ ಒಮ್ಮೆ ಹುಟ್ಟಿದರೆ ಈ ಮದ್ದು ಕೆಲಸ ಮಾಡುವುದಿಲ್ಲ. ಆದರೆ ಆಗಲೂ ಆಸೆ ಬಿಡಬೇಕಾಗಿಲ್ಲ. ಹೊಟ್ಟೆಯಲ್ಲಿರುವ ಮಗುವಿಗೇ ರಕ್ತ ಕೊಡುವ ಚಿಕಿತ್ಸೆ ಇಂದು ದೊಡ್ಡ ಆಸ್ಪತ್ರೆಗಳಲ್ಲಿದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮೊದಲ ಮೂರು ತಿಂಗಳೊಳಗೆ ಇಳಿದು ಹೋಗುವ ಗರ್ಭಗಳಿಗೆ ಸಾಮಾನ್ಯವಾಗಿ ಆರ್‌ಎಚ್ ಕಾರಣವಲ್ಲ. ಹೆಚ್ಚಿನವು ಭ್ರೂಣದ ವರ್ಣತಂತುಗಳಲ್ಲಿನ ಏರುಪೇರಿನಿಂದ ಆಗುವಂಥವು. ಗಂಡ ಹೆಂಡತಿಯ ರಕ್ತದ ಗುಂಪು ಒಂದೇ ಆದರೆ ಮಗು ನಿಲ್ಲುವುದಿಲ್ಲ ಎಂಬುದು ಬರೀ ಸುಳ್ಳು. ಮಗುವನ್ನು ಕಳೆದುಕೊಂಡವಳಿಗೆ ಅದೇ ದುಃಖ ಸಾಕಷ್ಟಿದೆ. ಅದರ ಮೇಲೆ ಅಪವಾದವನ್ನೂ ಹೊರಿಸುವುದು ಬೇಡ.

ಲ್ಯಾಂಡ್‌ಸ್ಟೈನರ್ ಆರಂಭಿಸಿದ ಹುಡುಕಾಟ ಇನ್ನೂ ಮುಗಿದಿಲ್ಲ. ಕೋಲಾರದ ಆಸ್ಪತ್ರೆಯೊಂದರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದ 38ರ ಮಹಿಳೆಯೊಬ್ಬರದು ಓ ಪಾಸಿಟಿವ್ ರಕ್ತ. ಆದರೂ ಯಾವ ಓ ಪಾಸಿಟಿವ್ ರಕ್ತವೂ ಅವರಿಗೆ ಹೊಂದಲಿಲ್ಲ. ಬೆಂಗಳೂರಿನ ರಕ್ತಕೇಂದ್ರದಿಂದ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋದ ಮಾದರಿಯಲ್ಲಿ ಜಗತ್ತು ಅಲ್ಲಿಯವರೆಗೆ ಕಾಣದ ಒಂದು ಅಂಶ ಪತ್ತೆಯಾಯಿತು. 2025ರಲ್ಲಿ ಅದಕ್ಕೆ ಕ್ರಿಬ್ ಎಂದು ಹೆಸರಿಡಲಾಯಿತು. ಆ ಹೆಸರಿನಲ್ಲಿ ಭಾರತವೂ ಇದೆ, ಬೆಂಗಳೂರೂ ಇದೆ.

ನಮ್ಮ ದೇಶದಲ್ಲಿ ನೆಗೆಟಿವ್ ರಕ್ತದವರು ನೂರಕ್ಕೆ ಸುಮಾರು ಐದು ಮಂದಿ. ಅಂದರೆ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. ಸಿಂಗಸಂದ್ರದಲ್ಲಿ ತಪಾಸಣೆ ಮಾಡಿಸಿಕೊಂಡ ಮಗಳು ಹೆರಿಗೆಗೆ ತವರಿಗೆ ಬರುವಾಗ ಫೈಲು ಅಲ್ಲೇ ಉಳಿದರೆ, ಅಥವಾ ಒಂದು ಗರ್ಭ ಇಳಿದ ವಿಷಯವನ್ನು ಸಂಕೋಚದಿಂದ ಮುಚ್ಚಿಟ್ಟರೆ, ಚುಚ್ಚುಮದ್ದಿನ ಸಮಯ ತಪ್ಪಿಹೋಗುವುದುಂಟು. ಆದ್ದರಿಂದ ಮದುವೆಯ ಪೂರ್ವ ತರಬೇತಿ ಶಿಬಿರಗಳಲ್ಲಿ ವಧೂವರರಿಗೆ ಈ ವಿಷಯ ತಿಳಿಸಿಕೊಡೋಣ. ಗರ್ಭಿಣಿಯರು ಪ್ರತಿಯೊಂದು ಚೀಟಿಯನ್ನೂ ಜೊತೆಯಲ್ಲಿಟ್ಟುಕೊಳ್ಳಲಿ, ಆಂಟಿ-ಡಿ ತೆಗೆದುಕೊಂಡ ದಿನವನ್ನು ಬರೆಸಿಕೊಳ್ಳಲಿ. ನೆಗೆಟಿವ್ ರಕ್ತದ ಯುವಕರು ತಮ್ಮ ಹೆಸರನ್ನು ಹತ್ತಿರದ ರಕ್ತನಿಧಿಯಲ್ಲಿ ಕೊಟ್ಟಿರಲಿ. ತಾಯಿಯ ಮುಖವನ್ನು ಕೊನೆಯವರೆಗೂ ಕಣ್ಣೆದುರಿನಲ್ಲೇ ಇಟ್ಟುಕೊಂಡಿದ್ದ ಆ ವಿಜ್ಞಾನಿಗೆ ನಾವು ಸಲ್ಲಿಸಬಹುದಾದ ಕೃತಜ್ಞತೆ ಇಷ್ಟೇ.