ಡಬ್ಬದಲ್ಲಿ ಬಂದ ಕಾರು, ಸರ್ ಎಂವಿ ಕಂಡ ಕಾರು

ಸ್ಕೇಲ್ ಮಾಡೆಲ್ ಕಿಟ್ ಜೋಡಿಸಿದವರಿಗೆ ಈ ಸುಖ ಗೊತ್ತಿರುತ್ತೆ. ಡಬ್ಬ ಬಿಚ್ಚಿದ್ರೆ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಸಣ್ಣ ಸಣ್ಣ ಭಾಗಗಳು, ಒಂದು ಹಾಳೆ ಸ್ಟಿಕ್ಕರ್, ಹೇಗೆ ಜೋಡಿಸಬೇಕು ಅನ್ನೋ ಚಿತ್ರಗಳು. ಕತ್ತರಿಸಿ, ಉಜ್ಜಿ, ಅಂಟು ಹಾಕಿ, ಬಣ್ಣ ಬಳಿದ್ರೆ ಕಾರು ರೆಡಿ. ಮಿನಿ, ಬೀಟಲ್, ಮಸ್ಟ್ಯಾಂಗ್, ಏನು ಬೇಕಾದರೂ ಸಿಗುತ್ತೆ. ನಮ್ಮ ಅಜ್ಜ, ಅಪ್ಪ ಓಡಾಡಿದ ಕಾರುಗಳಲ್ಲಿ ಯಾವುದಕ್ಕೆ ಇಂಥ ಒಳ್ಳೆ ಕಿಟ್ ಬರಬೇಕು? ಹಾಸ್ಟೆಲ್‌ನಲ್ಲಿ ಈ ಪ್ರಶ್ನೆ ಎತ್ತಿದ್ರೆ ಅಂಬಾಸಿಡರ್ ಅಂತ ಒಬ್ಬ, ಪದ್ಮಿನಿ ಅಂತ ಇನ್ನೊಬ್ಬ ಶುರು ಹಚ್ಕೋತಾನೆ.

ಉತ್ತರ ಹುಡುಕುತ್ತಾ ಹೋದರೆ ನಮಗೆಲ್ಲ ಚೆನ್ನಾಗಿ ಗೊತ್ತಿರುವ ಒಬ್ಬರ ಬದುಕು ಎದುರಾಗುತ್ತೆ. ನಮ್ಮ ಅಂಕಪಟ್ಟಿ ಮೇಲೆ ಇರೋ ಹೆಸರು ಅವರದ್ದು, ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಹಾರ ಹಾಕೋ ಫೋಟೋ ಅವರದ್ದು. ಕನ್ನಂಬಾಡಿ ಕಟ್ಟೆ ಕಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಕಾರು ಕಾರ್ಖಾನೆಗೂ ವರ್ಷಗಟ್ಟಲೆ ಓಡಾಡಿದ್ರು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಮೊದಲಿಂದ ಶುರು ಮಾಡೋಣ. ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಹುಡುಗ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮಗ ಇನ್ನೂ ಶಾಲೆಯಲ್ಲಿ ಇರುವಾಗಲೇ ತೀರಿಕೊಂಡರು. ಮನೆಯಲ್ಲಿ ಹಣ ಇರಲಿಲ್ಲ. ಬೆಂಗಳೂರಿಗೆ ಬಂದ ಹುಡುಗ ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಮುಗಿಸಿದ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಅದರ ಬಲದ ಮೇಲೆ ಪುಣೆಯ ಸೈನ್ಸ್ ಕಾಲೇಜಿಗೆ ಹೋಗಿ ಎಂಜಿನಿಯರಿಂಗ್ ಸೇರಿ, 1883ರಲ್ಲಿ ಇಡೀ ಬೊಂಬಾಯಿ ಪ್ರಾಂತ್ಯಕ್ಕೇ ಮೊದಲ ಸ್ಥಾನದಲ್ಲಿ ಪಾಸಾದರು. ಮರು ವರ್ಷವೇ ಅಲ್ಲಿನ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಕೆಲಸ.

ಆ ಇಲಾಖೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದರು. ಸಿಂಧೂ ನದಿ ದಂಡೆಯ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಕೊಟ್ಟರು. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಒಂದು ಸಮಸ್ಯೆ ಇತ್ತು. ಮಳೆಗಾಲದಲ್ಲಿ ನೀರು ಕೋಡಿ ಮೇಲೆ ಹರಿದು ಹಾಳಾಗ್ತಿತ್ತು, ಬೇಸಿಗೆಯಲ್ಲಿ ಅದೇ ನೀರಿಗೆ ಪರದಾಟ. ಕಟ್ಟೆಯನ್ನು ಎತ್ತರಿಸೋ ಬದಲು ಕೋಡಿಗೆ ಸ್ವಯಂಚಾಲಿತ ಬಾಗಿಲುಗಳನ್ನು ವಿನ್ಯಾಸ ಮಾಡಿದರು. ನೀರು ಇಂತಿಷ್ಟು ಮಟ್ಟ ಮುಟ್ಟಿದಾಗ ಬಾಗಿಲು ತಾನಾಗಿ ತೆರೆಯುತ್ತೆ, ಇಳಿದಾಗ ತಾನಾಗಿ ಮುಚ್ಚುತ್ತೆ. 1903ರಲ್ಲಿ ಅದು ಕೆಲಸ ಶುರು ಮಾಡಿತು, ಅವರ ಹೆಸರಿಗೆ ಪೇಟೆಂಟ್ ಕೂಡ ಆಯ್ತು. ಕರೆಂಟ್ ಇಲ್ಲ, ಸೆನ್ಸರ್ ಇಲ್ಲ, ಬರೀ ನೀರಿನ ಭಾರ ಮತ್ತು ತೂಕದ ಲೆಕ್ಕ. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪಠ್ಯದ ಮೊದಲ ಉದಾಹರಣೆ ಆಗಬಹುದಾದ ವಸ್ತು ಅದು.

ಬೊಂಬಾಯಿ ಕೆಲಸ ಬಿಟ್ಟ ಮೇಲೆ ಹೈದರಾಬಾದಿನ ನಿಜಾಮರ ಕಡೆಯಿಂದ ಕರೆ ಬಂತು. 1908ರಲ್ಲಿ ಮೂಸಿ ನದಿ ಉಕ್ಕಿ ಆ ನಗರ ಕೊಚ್ಚಿಹೋಗಿತ್ತು. ಮತ್ತೆ ಹಾಗಾಗದಂತೆ ಜಲಾಶಯ, ಚರಂಡಿಗಳ ಯೋಜನೆ ಹಾಕಿಕೊಟ್ಟರು. 1909ರ ಕೊನೆಗೆ ಮೈಸೂರಿಗೆ ಬಂದು ಚೀಫ್ ಎಂಜಿನಿಯರ್ ಆದರು. ಶಿವನಸಮುದ್ರದ ವಿದ್ಯುತ್ತು ಆಗಲೇ ಕೋಲಾರದ ಚಿನ್ನದ ಗಣಿಗೆ ಹೋಗ್ತಿತ್ತು, ಆದರೆ ಬೇಸಿಗೆಯಲ್ಲಿ ನೀರು ಸಾಲ್ತಿರಲಿಲ್ಲ. ಅದಕ್ಕೂ ಮಂಡ್ಯದ ಬಯಲಿಗೂ ಸೇರಿಸಿ ಕನ್ನಂಬಾಡಿ ಕಟ್ಟೆ ಬಂತು. ಕೆಲಸ 1911ರಲ್ಲಿ ಶುರು. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದರು. ಇಲ್ಲೇ ಸಿಗುವುದನ್ನು ಇಲ್ಲೇ ಬಳಸೋದು ಅವರ ಜಾಯಮಾನ. ತಿ.ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಳ್ಳೋ ಕಾವೇರಿ ಆ ಕಟ್ಟೆ ದಾಟಿಯೇ ಬರೋದು.

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ಮಾಡಿದರು. ಮುಂದಿನ ಆರು ವರ್ಷದ ಪಟ್ಟಿ ನೋಡಿ: 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಗಂಧದ ಮರವನ್ನು ಹಾಗೇ ಹೊರಗೆ ಕಳಿಸೋದನ್ನು ಬಿಟ್ಟು ಇಲ್ಲೇ ಎಣ್ಣೆ ತೆಗೆಯೋ ಕಾರ್ಖಾನೆಯೂ ಇದೇ ಕಾಲದ್ದು. ಕಚ್ಚಾ ಮಾಲು ಮಾರಿ ಸಿದ್ಧ ವಸ್ತು ಕೊಂಡುಕೊಳ್ಳೋ ನಾಡು ಯಾವತ್ತೂ ಬಡವಾಗೇ ಇರುತ್ತೆ ಅನ್ನೋದು ಅವರ ಲೆಕ್ಕ.

ಎಲ್ಲದರಲ್ಲೂ ಎಲ್ಲರೂ ಅವರನ್ನು ಒಪ್ಪಿದರು ಅಂತ ಅಲ್ಲ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಬೇಕು ಅನ್ನೋ ಬೇಡಿಕೆ ಎದ್ದಾಗ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರಿಗೆ ಆ ದಾರಿ ಸರಿ ಕಾಣಲಿಲ್ಲ, 1918ರಲ್ಲಿ ಹುದ್ದೆ ಬಿಟ್ಟರು. ಇತಿಹಾಸ ನಡೆದದ್ದು ಮಹಾರಾಜರು ಹಿಡಿದ ದಾರಿಯಲ್ಲೇ, ಇವತ್ತು ನಮ್ಮ ಕ್ಲಾಸಿನಲ್ಲಿ ಕೂತಿರೋರನ್ನು ನೋಡಿದ್ರೆ ಅದು ಗೊತ್ತಾಗುತ್ತೆ. ರಾಜೀನಾಮೆ ಕೊಡೋಕೆ ಸರ್ಕಾರಿ ಕಾರಿನಲ್ಲಿ ಹೋಗಿ, ಕೊಟ್ಟ ಮೇಲೆ ಸ್ವಂತ ಕಾರಿನಲ್ಲಿ ವಾಪಸ್ ಬಂದರು ಅಂತ ಜನ ಈಗಲೂ ಕಥೆ ಹೇಳ್ತಾರೆ.

ಕಾರಿನ ಮಾತು ಬಂತು ಅಂದ್ರೆ ಮೊದಲು ಕಬ್ಬಿಣದ ಮಾತು ಆಡಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಅವರದೇ ಯೋಜನೆ. ಕಲ್ಲಿದ್ದಲು ಹತ್ತಿರದಲ್ಲಿ ಇಲ್ಲದ ಕಾರಣ ಮಲೆನಾಡಿನ ಸೌದೆಯಿಂದ ಇದ್ದಿಲು ಮಾಡಿ ಕುಲುಮೆ ಉರಿಸಿದರು. 1923ರಲ್ಲಿ ಕಬ್ಬಿಣ ಹರಿಯಿತು, ಆದರೆ ಬೆಲೆ ಕುಸಿದು ನಷ್ಟದ ಮೇಲೆ ನಷ್ಟ. ಮುಚ್ಚಿಬಿಡಿ ಅನ್ನೋ ಮಾತು ಎದ್ದಾಗ ದಿವಾನಗಿರಿ ಬಿಟ್ಟಿದ್ದ ಮನುಷ್ಯನೇ ಬಂದು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ, 1929ರ ತನಕ ನಿಂತು, ಕಾರ್ಖಾನೆಯನ್ನು ದಡ ಹತ್ತಿಸಿದರು.

ಈಗ ಕಾರು. 1928ರಲ್ಲಿ ಜನರಲ್ ಮೋಟರ್ಸ್ ಕಂಪನಿ ಬೊಂಬಾಯಿಯಲ್ಲಿ ಕಾರು ಜೋಡಿಸೋ ಘಟಕ ತೆರೆಯಿತು, ಸ್ವಲ್ಪ ದಿನಕ್ಕೆ ಫೋರ್ಡ್ ಕೂಡ ಬಂತು. ಕಾರಿನ ಭಾಗಗಳು ಪೆಟ್ಟಿಗೆಗಳಲ್ಲಿ ಹಡಗಿನಿಂದ ಇಳಿಯೋವು. ಇಲ್ಲಿನ ಕೆಲಸಗಾರರು ಬೋಲ್ಟು ಬಿಗಿದು, ಬಣ್ಣ ಹೊಡೆದು ರಸ್ತೆಗೆ ಬಿಡೋರು. ಸಿಕೆಡಿ ಅಂತ ನಾವು ಓದ್ತೀವಲ್ಲ, ಅದೇ. ಸರಿಯಾಗಿ ನೋಡಿದ್ರೆ ಅದು ಪೂರ್ತಿ ಅಳತೆಯ ಮಾಡೆಲ್ ಕಿಟ್. ಅಚ್ಚು ಇರೋದು ಅಮೆರಿಕದಲ್ಲಿ, ಎಂಜಿನ್ ಎರಕ ಆಗೋದು ಅಲ್ಲಿ, ಅಂಟು ಹಾಕೋದು ಮಾತ್ರ ಇಲ್ಲಿ.

ವಿಶ್ವೇಶ್ವರಯ್ಯನವರಿಗೆ ಇದು ಸಮಾಧಾನ ತರಲಿಲ್ಲ. 1934ರಲ್ಲಿ ಭಾರತಕ್ಕೆ ಯೋಜನಾಬದ್ಧ ಆರ್ಥಿಕತೆ ಬೇಕು ಅಂತ ಪುಸ್ತಕ ಬರೆದರು. ಮಾರನೇ ವರ್ಷ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಕಾರು ಉದ್ಯಮ ನೋಡಿಕೊಂಡು ಬರೋಕೆ ಯೂರೋಪ್ ಮತ್ತು ಅಮೆರಿಕಕ್ಕೆ ಹಡಗು ಹತ್ತಿದರು. ಆ ವಯಸ್ಸಿಗೆ ಬೇರೆಯವರು ಮೊಮ್ಮಕ್ಕಳನ್ನ ಆಡಿಸ್ತಾ ಕೂರ್ತಾರೆ! ಕಾರು ಕಾರ್ಖಾನೆ ಒಂದೇ ಬಂದ್ರೆ ಸಾಲದು. ಅದರ ಹಿಂದೆ ಎರಕದ ಮನೆ, ಸ್ಪ್ರಿಂಗು, ಗಾಜು, ಟೈರು, ಬಣ್ಣ, ಬೇರಿಂಗು ಮಾಡೋ ಹತ್ತಾರು ಘಟಕ ಬೇಕು. ಕಾರಿನ ನೆಪದಲ್ಲಿ ಇವೆಲ್ಲ ಹುಟ್ಟುತ್ತವೆ ಅನ್ನೋದೇ ಅವರ ಯೋಜನೆಯ ತಿರುಳು. ವಾಪಸ್ ಬಂದು ಬೊಂಬಾಯಿಯಲ್ಲಿ ಕಾರ್ಖಾನೆ ಹಾಕಲು ವರದಿ ಸಿದ್ಧಪಡಿಸಿದರು. ಸೊಲ್ಲಾಪುರ ಮೂಲದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು.

ಬೊಂಬಾಯಿ ಪ್ರಾಂತ್ಯದಲ್ಲಿ 1937ರಲ್ಲಿ ಬಂದ ಬಿ.ಜಿ. ಖೇರ್ ಸರ್ಕಾರ ಬೆಂಬಲ ಕೊಡಲು ಮುಂದಾಯ್ತು. 1939ರಲ್ಲಿ ಮಹಾಯುದ್ಧ ಶುರುವಾಗಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಅಮೆರಿಕಕ್ಕೆ ಹೋದ ವಾಲ್‌ಚಂದ್‌ಗೆ ಫೋರ್ಡ್ ಜೊತೆ ಹೊಂದಲಿಲ್ಲ, ಕ್ರೈಸ್ಲರ್ ಒಪ್ಪಿತು. ಜಾಗ ಎಲ್ಲಿ ಅಂದಾಗ ಮೈಸೂರು ಸಂಸ್ಥಾನದ ಕಡೆ ನೋಡಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಬಂಡವಾಳ ಹಾಕಲು ತಯಾರಿತ್ತು. ಆದರೆ ಬ್ರಿಟಿಷರ ಒಪ್ಪಿಗೆ ಸಿಗಲಿಲ್ಲ. ಕಾರು ಯುದ್ಧಕ್ಕೆ ಬೇಕಾದ ಉದ್ಯಮ ಅಲ್ಲ ಅನ್ನೋದು ಅವರ ವಾದ. ಮೈಸೂರು ಹಿಂದೆ ಸರಿಯಬೇಕಾಯ್ತು. ಇದೇ ಓಡಾಟದಲ್ಲಿ ಅಮೆರಿಕದ ವಿಮಾನ ವ್ಯಾಪಾರಿ ವಿಲಿಯಂ ಪಾಲಿ ವಾಲ್‌ಚಂದ್‌ಗೆ ಪರಿಚಯ ಆಗಿ, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯ್ತು, ಮೈಸೂರು ಸರ್ಕಾರದ ಹಣವೂ ಸೇರಿತು. ಯುದ್ಧಕ್ಕೆ ಬೇಕಿದ್ದ ವಿಮಾನಕ್ಕೆ ಒಪ್ಪಿಗೆ ಸಿಕ್ಕಿತು, ಕಾರಿಗೆ ಸಿಗಲಿಲ್ಲ. ನಾವು ಕ್ಯಾಂಪಸ್ ಇಂಟರ್‌ವ್ಯೂಗೆ ಕಾಯೋ ಎಚ್‌ಎಎಲ್‌ನ ಹುಟ್ಟಿನ ಪಕ್ಕದಲ್ಲೇ ಮೈಸೂರು ನಾಡಿಗೆ ಬರದೇ ಹೋದ ಕಾರ್ಖಾನೆಯ ಕಥೆ ಇದೆ.

ವಾಲ್‌ಚಂದ್ 1944ರಲ್ಲಿ ಬೊಂಬಾಯಿಯಲ್ಲೇ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಅದಕ್ಕೆ ಎರಡು ವರ್ಷ ಮೊದಲೇ ಬಿರ್ಲಾ ಅವರ ಹಿಂದೂಸ್ತಾನ್ ಮೋಟರ್ಸ್ ಹುಟ್ಟಿತ್ತು. ಇಬ್ಬರೂ ಶುರು ಮಾಡಿದ್ದು ಡಬ್ಬದಲ್ಲಿ ಬಂದ ಭಾಗಗಳನ್ನು ಜೋಡಿಸೋದರಿಂದಲೇ. 1953ರಲ್ಲಿ ಸ್ವತಂತ್ರ ಭಾರತದ ಸರ್ಕಾರ ಒಂದು ಗೆರೆ ಎಳೆಯಿತು: ಇಲ್ಲೇ ಭಾಗ ತಯಾರಿಸೋ ಯೋಜನೆ ಇದ್ದವರು ಇರಿ, ಉಳಿದವರು ಹೊರಡಿ. ಜನರಲ್ ಮೋಟರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. 1930ರ ದಶಕದಲ್ಲಿ ಮುದುಕರೊಬ್ಬರು ಒಬ್ಬಂಟಿಯಾಗಿ ಹೇಳ್ತಿದ್ದ ಮಾತು ಇಪ್ಪತ್ತು ವರ್ಷದ ನಂತರ ದೇಶದ ನೀತಿಯಾಯ್ತು.

ಸರ್ ಎಂವಿ ಅದನ್ನೆಲ್ಲ ನೋಡೋಕೆ ಬದುಕಿದ್ದರು. 1955ರಲ್ಲಿ ಭಾರತರತ್ನ ಬಂತು. 1957ರಲ್ಲಿ ಅಂಬಾಸಿಡರ್ ರಸ್ತೆಗೆ ಇಳಿಯಿತು. ನೂರರ ಹುಟ್ಟುಹಬ್ಬಕ್ಕೆ ಅಂಚೆ ಚೀಟಿ ಬಂತು. 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಸಮಾಧಿ ಇದೆ.

ಈಗ ಕಿಟ್ ವಿಷಯ. ನನ್ನ ಆಯ್ಕೆಗೆ ಅಳತೆಗೋಲು ಒಂದೇ: ಡಬ್ಬದಿಂದ ಶುರುವಾಗಿ ಇಲ್ಲಿಯದೇ ಆದ ಕಾರು ಯಾವುದು?

ಮೊದಲ ಸ್ಥಾನ ಪ್ರೀಮಿಯರ್‌ಗೆ. 1954ರಲ್ಲಿ ಫಿಯೆಟ್ 1100 ಆಗಿ ಬಂತು, ಆಗ ಮುಂದಿನ ಬಾಗಿಲು ಉಲ್ಟಾ ತೆರೆಯೋದು. 1964ರಲ್ಲಿ ಡಿಲೈಟ್ ಆಯ್ತು, 1974ರಲ್ಲಿ ಪ್ರೀಮಿಯರ್ ಪದ್ಮಿನಿ. ಸ್ಟೀರಿಂಗ್ ಪಕ್ಕದ ಗೇರು, 1089 ಸಿಸಿ ಎಂಜಿನ್. ಸುಮಾರು 3.9 ಮೀಟರ್ ಉದ್ದದ ಕಾರು 1/24 ಅಳತೆಯಲ್ಲಿ 16 ಸೆಂಟಿಮೀಟರ್ ಚಿಲ್ಲರೆ ಆಗುತ್ತೆ, ಅಂಗೈ ಮೇಲೆ ಕೂರುತ್ತೆ. ಉಲ್ಟಾ ಬಾಗಿಲಿನ ಫಿಯೆಟ್ಟೂ, ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿ ಪದ್ಮಿನಿಯೂ ಎರಡು ಬೇರೆ ಡಬ್ಬಗಳಾಗಿ ಬರಬೇಕು. ಆ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಅಳತೆ ತಗೊಳೋಕೆ ಒಳ್ಳೆ ಸ್ಥಿತಿಯ ಗಾಡಿ ಸಿಗೋದು ವರ್ಷ ಕಳೆದಂತೆ ಕಷ್ಟ ಆಗುತ್ತೆ.

ಎರಡನೆಯದು ಅಂಬಾಸಿಡರ್. ಇದರ ಆಟಿಕೆ ಎಲ್ಲ ಅಂಗಡಿಯಲ್ಲೂ ಇದೆ, ಎಂಜಿನ್ ಕೊಠಡಿ ಬಿಚ್ಚಿ ನೋಡಬಹುದಾದ ಕಿಟ್ ಬೇಕು. ಮೂರನೆಯದಕ್ಕೆ ಮರುಮುದ್ರಣ ಸಾಕು. ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಮೂಲತಃ ಟ್ರಯಂಫ್ ಹೆರಾಲ್ಡ್. ಅದರ ಕಿಟ್ಟನ್ನು ಏರ್‌ಫಿಕ್ಸ್ 1/32 ಅಳತೆಯಲ್ಲಿ ಹಿಂದೆಯೇ ತಂದಿತ್ತು. ಕಿಟ್ ಉದ್ಯಮದಲ್ಲಿ ದುಬಾರಿ ಅಂದ್ರೆ ಉಕ್ಕಿನ ಅಚ್ಚು, ಪ್ಲಾಸ್ಟಿಕ್ ಅಗ್ಗ. ಅಚ್ಚು ಇದ್ದರೆ ನಮ್ಮ ನಂಬರ್ ಪ್ಲೇಟು, ನಮ್ಮ ಲಾಂಛನದ ಹೊಸ ಸ್ಟಿಕ್ಕರ್ ಹಾಳೆ ಹಾಕಿದ್ರೆ ಮುಗೀತು.

ಇದೇ ಹಾದಿಯ ಕಥೆ ಮೈಸೂರಿನಲ್ಲೂ ಇದೆ. ಐಡಿಯಲ್ ಜಾವಾ 1961ರಲ್ಲಿ ಶುರುವಾದಾಗ ಚೆಕ್ ಬೈಕಿನ ಭಾಗ ಜೋಡಿಸ್ತಿತ್ತು, ಮುಂದೆ ಅಲ್ಲೇ ಯೆಜ್ಡಿ ತಯಾರಾಯ್ತು. ಇವತ್ತು ನಂಜನಗೂಡು ರಸ್ತೆಯಲ್ಲಿ ಕಡಕೊಳದ ಹತ್ತಿರ ಟಿವಿಎಸ್ ಕಾರ್ಖಾನೆ ಇದೆ, ಅದೇ ಆಸುಪಾಸಿನಲ್ಲಿ ತಾಂಡ್ಯ ಕೈಗಾರಿಕಾ ಪ್ರದೇಶ. ನಮ್ಮವರು ಇಂಟರ್ನ್‌ಶಿಪ್‌ಗೆ ಅಂತ ಬೆಳಗ್ಗೆ ಬಸ್ ಹತ್ತೋದು ಆ ಕಡೆಗೇ. ಅಲ್ಲಿಗೆ ಹೋದಾಗ ಒಂದು ಪ್ರಶ್ನೆ ಕೇಳಿ ನೋಡಿ: ಈ ಭಾಗದ ಅಚ್ಚು ಎಲ್ಲಿಯದು, ವಿನ್ಯಾಸ ಯಾರದು? ಉತ್ತರ ಎರಡು ರೀತಿ ಬರಬಹುದು. ಎರಡರ ನಡುವಿನ ಅಂತರವೇ ಸರ್ ಎಂವಿ ಅಮೆರಿಕದ ತನಕ ಹೋಗಿ ಅಳೆದು ಬಂದ ಅಂತರ.

ಪದ್ಮಿನಿಯ ಕಿಟ್ ಹೊರಗಿನ ಕಂಪನಿ ಮಾಡಲಿ ಅಂತ ಕಾಯೋದು ಬೇಡ. ನಮ್ಮಲ್ಲಿ ಸಾಲಿಡ್‌ವರ್ಕ್ಸ್ ಬರೋರು ಇದ್ದಾರೆ, 3ಡಿ ಪ್ರಿಂಟರ್ ಇದೆ, ಮನೆ ಹಿತ್ತಲಲ್ಲಿ ಹಳೇ ಫಿಯೆಟ್ ನಿಲ್ಲಿಸಿಕೊಂಡ ನೆಂಟರು ಯಾರಿಗಾದರೂ ಇದ್ದೇ ಇರ್ತಾರೆ. ಒಂದು ಟೇಪು, ಒಂದು ವರ್ನಿಯರ್ ಹಿಡ್ಕೊಂಡು ಹೋದ್ರೆ ಮಿನಿ ಪ್ರಾಜೆಕ್ಟ್ ವಿಷಯ ಸಿಕ್ಕ ಹಾಗೆ. ಈ ಸಲದ ಎಂಜಿನಿಯರ್ಸ್ ಡೇಗೆ ಫೋಟೋಗೆ ಹಾರದ ಜೊತೆ, ಮೇಜಿನ ಮೇಲೆ ನಾವೇ ಅಚ್ಚು ಮಾಡಿದ ಒಂದು ಬಾನೆಟ್ ಇದ್ದರೂ ಸಾಕು. ಆಸಕ್ತಿ ಇರೋರು ಸಂಘದ ರೂಮಿಗೆ ಬನ್ನಿ.