ಸಂಬಳ ಬಿಟ್ಟು ಬಂದ ಶರೀಫ ಮಾಸ್ತರರು

ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವತ್ಥರ ಕಂಠದಲ್ಲಿ ಕೇಳದವರು ನಮ್ಮ ಕರಾವಳಿಯಲ್ಲೂ ಕಡಿಮೆ. ಆದರೆ ಅವರು ಸರಕಾರಿ ಶಾಲೆಯ ಮಾಸ್ತರರಾಗಿದ್ದರು, ಆ ಕೆಲಸವನ್ನು ತಾವಾಗಿಯೇ ಬಿಟ್ಟು ಬಂದರು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ.

ರೋಣ ತಾಲೂಕಿನ ಅಬ್ಬಿಗೇರಿ ಕಡೆಯಿಂದ ಗದಗ, ಲಕ್ಷ್ಮೇಶ್ವರ ದಾಟಿ ಹೋದರೆ ಶಿಗ್ಗಾವಿ ತಾಲೂಕಿನ ಶಿಶುವಿನಹಾಳ ಸಿಗುತ್ತದೆ. ಜೋಳ, ಹತ್ತಿ ಬೆಳೆಯುವ ಸೀಮೆ. 1818ರಲ್ಲಿ ಪೇಶ್ವೆಯವರ ಆಳ್ವಿಕೆ ಮುಗಿದು ಆ ಭಾಗ ಇಂಗ್ಲಿಷರ ಕೈಗೆ ಬಂತು. ಮರುವರ್ಷ, 1819ರಲ್ಲಿ, ಇಮಾಮ್ ಸಾಹೇಬ್ ಮತ್ತು ಹಜ್ಜೂಮಾ ದಂಪತಿಗೆ ಶರೀಫರು ಹುಟ್ಟಿದರು. ಹುಲಗೂರಿನ ಖಾದರ್ ಶಾ ಅವರ ದುಆದ ಫಲ ಈ ಮಗು ಎಂದು ಅಲ್ಲಿನ ಜನ ಈಗಲೂ ಹೇಳುತ್ತಾರೆ.

ಹುಡುಗ ಓದಿನಲ್ಲಿ ಚುರುಕು. ಕನ್ನಡ, ಉರ್ದು, ಮೋಡಿ ಲಿಪಿ ಎಲ್ಲ ಕಲಿತು ಮುಲ್ಕಿ ಪರೀಕ್ಷೆ ಪಾಸಾದರು. (ನಮ್ಮ ಮೂಲ್ಕಿ ಊರಿಗೂ ಇದಕ್ಕೂ ಸಂಬಂಧ ಇಲ್ಲ. ಧಾರವಾಡ ಸೀಮೆಯಲ್ಲಿ ಸರಕಾರಿ ಕೆಲಸ ಸಿಗಬೇಕಾದರೆ ಪಾಸಾಗಬೇಕಿದ್ದ ಪರೀಕ್ಷೆ ಅದು.) ಮಂಡಿಗನಾಳ, ಪಾಣಿಗಟ್ಟಿ, ಕ್ಯಾಲಕೊಂಡ ಮುಂತಾದ ಹಳ್ಳಿಗಳ ಶಾಲೆಗಳಲ್ಲಿ ಪಾಠ ಹೇಳಿದರು. ತಿಂಗಳು ತಿಂಗಳು ಸಂಬಳ. ಮಳೆ ನಂಬಿ ಬದುಕುವ ಊರಿನಲ್ಲಿ ಅದೆಂಥ ಭಾಗ್ಯ! ಇಂದು ಗಲ್ಫಿನ ವೀಸಾ ಸಿಕ್ಕಿದ ಹಾಗೆ ಅಂದುಕೊಳ್ಳಿ.

ಆದರೆ ಮನಸ್ಸು ನಿಲ್ಲಲಿಲ್ಲ. ಬಯಲಾಟ, ಪದ, ಫಕೀರರ ಸಹವಾಸ, ಒಬ್ಬ ಗುರುವಿಗಾಗಿ ಹುಡುಕಾಟ. ಒಂದು ದಿನ ಮಾಸ್ತರಿಕೆಗೆ ಸಲಾಂ ಹೇಳಿದರು. ಸಿಕ್ಕಿದ ಗುರು ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು. ಈ ಜೋಡಿಯನ್ನು ಕಂಡು ಎರಡೂ ಕಡೆಯವರು ಮಾತಾಡಿದರು. ಭಟ್ಟರೂ ಬಿಡಲಿಲ್ಲ, ಶರೀಫರೂ ಬಿಡಲಿಲ್ಲ.

ಬಿಟ್ಟು ಬಂದ ಮೇಲೆ ಸುಖ ಸಿಕ್ಕಿತು ಅಂತ ಬರೆದರೆ ಸುಳ್ಳಾದೀತು. ಕುಂದಗೋಳದ ಫಾತಿಮಾರನ್ನು ಮದುವೆಯಾಗಿದ್ದರು. ಹುಟ್ಟಿದ ಹೆಣ್ಣು ಮಗು ಉಳಿಯಲಿಲ್ಲ, ಹೆಂಡತಿಯೂ ತೀರಿಕೊಂಡರು. ಕೈಯಲ್ಲಿ ಕಾಸಿಲ್ಲ, ಮನೆಯಲ್ಲಿ ಕಾಯುವವರಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಊರಿಗೆ ಬರುತ್ತೇನೆ ಅನ್ನುವ ನಮ್ಮ ಹುಡುಗರಿಗೆ ಶರೀಫರ ಹೆಸರು ಹೇಳುವವರು ಈ ಭಾಗವನ್ನೂ ಹೇಳಬೇಕು.

ಹಾಗಂತ ಅವರು ಸುಮ್ಮನೆ ಕೂತವರಲ್ಲ. ಪಾಠ ಹೇಳುವ ಕೆಲಸ ನಿಲ್ಲಲಿಲ್ಲ, ಶಾಲೆಯ ಗೋಡೆ ಮಾತ್ರ ಹೋಯಿತು. ಸೋರುವ ಮಾಳಿಗೆ, ಮಂಗನನ್ನು ನುಂಗುವ ಕೋಳಿ, ಹೀಗೆ ಹಳ್ಳಿಯ ಹೆಂಗಸರಿಗೂ ಗೊತ್ತಿರುವ ವಸ್ತುಗಳಲ್ಲೇ ಈ ದುನಿಯಾ ಎಷ್ಟು ದಿನದ್ದು ಅನ್ನೋದನ್ನು ಹೇಳಿದರು. ಮೊಹರಂಗಾಗಿ ಕರ್ಬಲಾದ ಕಥೆ ಹೇಳುವ ರಿವಾಯತ್ ಪದಗಳನ್ನೂ ಕಟ್ಟಿದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ರಿವಾಯತ್ ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ. ಕೇಳಿದವರ ಬಾಯಿಯಲ್ಲೇ ಆ ಪದಗಳು ಊರೂರು ದಾಟಿದವು.

1889ರಲ್ಲಿ, 70ನೇ ವಯಸ್ಸಿನಲ್ಲಿ, ಹುಟ್ಟೂರಿನಲ್ಲೇ ತೀರಿಕೊಂಡರು. ಅವರ ಗದ್ದುಗೆಗೆ ಫಾತಿಹಾ ಓದುವವರೂ ಬರುತ್ತಾರೆ, ಕಾಯಿ ಒಡೆಯುವವರೂ ಬರುತ್ತಾರೆ.