ಬೀಗದ ಕಸುಬಿನವರ ಮಗ ಜಾರ್ಜ್ ಓಮ್

ಓಮ್‌ನ ನಿಯಮವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಆ ಓಮ್ ಯಾರು, ಆ ನಿಯಮಕ್ಕಾಗಿ ಎಷ್ಟು ಪಾಡು ಪಟ್ರು ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ.

ಜಾರ್ಜ್ ಸೈಮನ್ ಓಮ್ ಅವರು 1789ರ ಮಾರ್ಚ್ 16ರಂದು ಜರ್ಮನಿಯ ಎರ್ಲಾಂಗೆನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಬೀಗ ಮಾಡುವ ಕಸುಬಿನವರು. ಹೆಚ್ಚು ಶಾಲೆ ಕಲಿತವರಲ್ಲ. ಆದರೂ ತಾವೇ ಓದಿ ಗಣಿತ ಕಲಿತು ಮಕ್ಕಳಿಗೂ ಹೇಳಿಕೊಟ್ಟರು. ಓಮ್‌ಗೆ ಹತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು.

1805ರಲ್ಲಿ ವಿಶ್ವವಿದ್ಯಾಲಯ ಸೇರಿದ ಹುಡುಗ ಕುಣಿತ, ಬಿಲಿಯರ್ಡ್ಸ್, ಮಂಜುಗಡ್ಡೆ ಮೇಲಿನ ಜಾರಾಟ ಅಂತ ಕಾಲ ಕಳೆಯತೊಡಗಿದ. ತಂದೆಗೆ ಸಿಟ್ಟು ಬಂತು. ಓದು ಅರ್ಧಕ್ಕೆ ನಿಂತು, ಸ್ವಿಟ್ಜರ್ಲೆಂಡಿಗೆ ಗಣಿತದ ಮೇಷ್ಟ್ರಾಗಿ ಹೋಗಬೇಕಾಯ್ತು. ಅಲ್ಲಿ ಪಾಠ ಹೇಳುತ್ತಲೇ ತಾನೂ ಓದಿಕೊಂಡು, ಊರಿಗೆ ಮರಳಿ 1811ರಲ್ಲಿ ಡಾಕ್ಟರೇಟ್ ಪಡೆದರು.

1817ರಲ್ಲಿ ಕೊಲೋನ್ ನಗರದ ಶಾಲೆಯೊಂದರಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಉಪಾಧ್ಯಾಯರಾದರು. ಅಲ್ಲಿ ವಿದ್ಯುತ್ತಿನ ಪ್ರಯೋಗಕ್ಕೆ ಕೈಹಾಕಿದರು. ಆಗಿನ ಬ್ಯಾಟರಿಗಳಿಂದ ಬರುವ ವಿದ್ಯುತ್ ಒಂದೇ ಸಮ ಇರ್ತಿರಲಿಲ್ಲ. ಅದಕ್ಕೆ ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿ, ಒಂದು ಕೂಡುವ ಜಾಗವನ್ನು ಕುದಿಯುವ ನೀರಿನ ಬಿಸಿಯಲ್ಲೂ ಇನ್ನೊಂದನ್ನು ಮಂಜುಗಡ್ಡೆಯ ತಂಪಿನಲ್ಲೂ ಇಟ್ಟರು. ಸ್ಥಿರವಾದ ವಿದ್ಯುತ್ ಸಿಕ್ತು! ಆಮೇಲೆ ಉದ್ದ, ಗಿಡ್ಡ ತಂತಿಗಳನ್ನು ಒಂದೊಂದಾಗಿ ಸೇರಿಸಿ ಪ್ರವಾಹ ಅಳೆದರು. ತಂತಿ ಉದ್ದವಾದಷ್ಟೂ ಪ್ರವಾಹ ಕಡಿಮೆಯಾಯಿತು.

ಈ ಕೆಲಸವನ್ನೆಲ್ಲ 1827ರಲ್ಲಿ ಪುಸ್ತಕವಾಗಿ ಹೊರತಂದರು. ಉಷ್ಣತೆ ಬದಲಾಗದಿದ್ದರೆ, ಲೋಹದ ತಂತಿಯಲ್ಲಿ ಹರಿಯುವ ಪ್ರವಾಹ ಅದರ ತುದಿಗಳ ವಿಭವಾಂತರಕ್ಕೆ ತಕ್ಕಂತೆ ಹೆಚ್ಚುತ್ತದೆ. ಇದೇ ಓಮ್‌ನ ನಿಯಮ. ವೋಲ್ಟನ್ನು ಆಂಪೇರ್‌ನಿಂದ ಭಾಗಿಸಿದರೆ ರೋಧ ಸಿಗುತ್ತೆ. ಅವೆರಡನ್ನೂ ಗುಣಿಸಿದರೆ ಸಾಮರ್ಥ್ಯ ಸಿಗುತ್ತೆ. ಉದಾಹರಣೆಗೆ, 230 ವೋಲ್ಟಿನ ವಿದ್ಯುತ್ ಒಲೆಯಲ್ಲಿ 5 ಆಂಪೇರ್ ಹರಿದರೆ ರೋಧ 46 ಓಮ್, ಸಾಮರ್ಥ್ಯ 1150 ವ್ಯಾಟ್. ಆ ಒಲೆ ಒಂದು ಗಂಟೆ ಉರಿದರೆ 1.15 ಯೂನಿಟ್ ಖರ್ಚು. ನಮ್ಮ ಕರೆಂಟ್ ಬಿಲ್ಲಿನ ಗುಟ್ಟು ಇಷ್ಟೇ!

ಆದರೆ ಪುಸ್ತಕ ಬಂದಾಗ ದೊಡ್ಡ ದೊಡ್ಡ ಪಂಡಿತರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ, ಕೆಲವರು ಹೀಯಾಳಿಸಿದರು. ನೊಂದ ಓಮ್ ಕೊಲೋನಿನ ಕೆಲಸ ಬಿಟ್ಟರು. ಸರಿಯಾದ ಹುದ್ದೆಯಿಲ್ಲದೆ ವರ್ಷಗಟ್ಟಲೆ ಕಷ್ಟಪಟ್ಟರು. 1833ರಲ್ಲಿ ನ್ಯೂರೆಂಬರ್ಗಿನ ತಾಂತ್ರಿಕ ಶಾಲೆಯಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆಯಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟು ಗೌರವಿಸಿತು. ಎಳೆತನದಿಂದ ಬಯಸಿದ್ದ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಠ ಮ್ಯೂನಿಕ್‌ನಲ್ಲಿ ಸಿಕ್ಕಿದ್ದು 1852ರಲ್ಲಿ. ಅಷ್ಟರಲ್ಲಿ ವಯಸ್ಸು 63. ಎರಡೇ ವರ್ಷಕ್ಕೆ, 1854ರ ಜುಲೈ 6ರಂದು ತೀರಿಕೊಂಡರು.

1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ಸಮ್ಮೇಳನ ರೋಧದ ಮಾನಕ್ಕೆ ಓಮ್ ಎಂಬ ಹೆಸರನ್ನೇ ಒಪ್ಪಿತು. ಹೀಯಾಳಿಸಿದವರ ಹೆಸರು ಇವತ್ತು ಯಾರ ಬಾಯಲ್ಲೂ ಇಲ್ಲ. ಶಾಲೆ ಮೇಷ್ಟ್ರ ಹೆಸರು ಮಾತ್ರ ಪ್ರಪಂಚದ ಎಲ್ಲ ವಿಜ್ಞಾನ ಪುಸ್ತಕದಲ್ಲೂ ಇದೆ.

ನೀವೇ ಮಾಡಿ ನೋಡಿ: 3 ವೋಲ್ಟಿನ ಟಾರ್ಚ್ ಬಲ್ಬಿನಲ್ಲಿ 0.3 ಆಂಪೇರ್ ಹರಿದರೆ ರೋಧ ಎಷ್ಟು? ಸಾಮರ್ಥ್ಯ ಎಷ್ಟು? (ಉತ್ತರ: 10 ಓಮ್, 0.9 ವ್ಯಾಟ್.) ಪ್ರಯೋಗಕ್ಕೆ ಟಾರ್ಚ್ ಸೆಲ್ ಸಾಕು, ಮನೆಯ ಕರೆಂಟ್ ಮುಟ್ಟಬೇಡಿ!